‘ಯಾವಾಗ ಹೋಗೂದು?’ ಅಂತ ಕೇಳಬೇಡಿ: ಕೆಲಸ ಹೋಗಿ ಊರಿಗೆ ಬಂದವರ ಜೊತೆ ಹೇಗಿರಬೇಕು

ನಮ್ಮ ಅಂಕೋಲಾ ಕಡೆ ಹೊರಗಿನಿಂದ ಬಂದವರಿಗೆ ಎರಡು ಪ್ರಶ್ನೆ ತಪ್ಪಿದ್ದಲ್ಲ. ಮೊದಲು ‘ಯಾವಾಗ ಬಂದ್ಯೋ ತಮಾ?’ ಅದರ ಬೆನ್ನಿಗೇ ‘ಯಾವಾಗ ಹೋಗೂದು?’ ಚೌತಿಗೋ ಬಂಡಿಹಬ್ಬಕ್ಕೋ ಬಂದವನಿಗೆ ಅದು ಪ್ರೀತಿಯ ಮಾತು. ಆದರೆ ಬೆಂಗಳೂರಿನಲ್ಲೋ ಗೋವಾದಲ್ಲೋ ದುಬೈನಲ್ಲೋ ಕೆಲಸ ಕಳೆದುಕೊಂಡು ಬಸ್ ಇಳಿದವನ ಹತ್ತಿರ ಎರಡನೇ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಮೂರು ದಿನ ಏನೋ ಒಂದು ಹೇಳಿ ದಾಟಿಸುತ್ತಾನೆ. ನಾಲ್ಕನೇ ದಿನದಿಂದ ಪೇಟೆಗೆ ಬರುವುದನ್ನೇ ಬಿಡುತ್ತಾನೆ.

ಈ ಪ್ರಶ್ನೆಯನ್ನು ನಾನು ಎದುರಿಸಿದ್ದೇನೆ. ನಾನೇ ಬೇರೆಯವರಿಗೆ ಕೇಳಿ ನೋಯಿಸಿದ್ದೂ ಇದೆ. ಹಾಗಾಗಿ ನನಗೆ ಗೊತ್ತಾದಷ್ಟನ್ನು ಬರೆದಿಡುತ್ತಿದ್ದೇನೆ. ಕೆಲಸ ಹುಡುಕುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ಇಲ್ಲದವರ ಸುತ್ತ ಇರುವ ನಾವು ಹೇಗಿರಬೇಕು ಅಂತ ಹೇಳುವವರು ಕಡಿಮೆ.

ಮೊದಲು ನಾನು ಕಂಡ ಎರಡು ಕಾಲದ ಮಾತು.

2010ರಲ್ಲಿ ನಾನು ಬೇಲೆಕೇರಿ ಬಂದರಿಗೆ ಅದಿರು ಸಾಗಿಸುವ ಒಂದು ಕಂಪನಿಯಲ್ಲಿ ಲಾರಿ ತೂಗುವ ವೇ ಬ್ರಿಜ್ ಮೇಲೆ ಚೀಟಿ ಬರೆಯುತ್ತಿದ್ದೆ. ಬಳ್ಳಾರಿ ಕಡೆಯಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಹಗಲೂ ರಾತ್ರಿ ಲಾರಿ ಬರುತ್ತಿದ್ದವು. ಆ ವರ್ಷ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮಾರನೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಕ್ರಮ ಗಣಿಗಾರಿಕೆ ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಸಾಲ ಮಾಡಿ ಒಂದು ಲಾರಿ ಕೊಂಡವನು, ಅದರ ಡ್ರೈವರ್, ಕ್ಲೀನರ್, ಪಂಕ್ಚರ್ ಹಾಕುವವನು, ರಸ್ತೆ ಬದಿಯಲ್ಲಿ ಊಟದ ಖಾನಾವಳಿ ಇಟ್ಟಿದ್ದ ಅಕ್ಕ, ಎಲ್ಲರೂ ಒಟ್ಟಿಗೇ ಕೈಕಟ್ಟಿ ಕೂತರು. ನಾನೂ ಕೂತೆ. ಆಗ ನನ್ನನ್ನು ಯಾರೂ ‘ನಿನ್ನದೇನು ತಪ್ಪಾಯಿತು?’ ಅಂತ ಕೇಳಲಿಲ್ಲ. ಕೇಳುವವನ ಮನೆಯಲ್ಲೂ ಒಬ್ಬ ಕೂತಿದ್ದ.

2023ರಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಸಾಫ್ಟ್‌ವೇರ್ ಕಂಪನಿ ಒಂದರಲ್ಲಿ ಆರು ವರ್ಷ ದುಡಿದಿದ್ದ. ಒಂದು ಬೆಳಿಗ್ಗೆ ಮೀಟಿಂಗ್ ಅಂತ ಕರೆದು ಹದಿನೈದು ನಿಮಿಷದಲ್ಲಿ ಮುಗಿಸಿದ್ದರು. ಆ ವರ್ಷ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೇ ಸಾವಿರಗಟ್ಟಲೆ ಜನರನ್ನು ತೆಗೆದಿದ್ದವು. ಆದರೆ ನಮ್ಮ ಕೇರಿಯಲ್ಲಿ ಕೆಲಸ ಹೋಗಿದ್ದು ಅವನೊಬ್ಬನದೇ. ‘ಓದುವಾಗ ಅಷ್ಟು ಹುಷಾರಿದ್ದ, ಏನಾಯ್ತೋ.’ ‘ಉಳಿದವರನ್ನು ಇಟ್ಟುಕೊಂಡು ಇವನನ್ನೇ ಯಾಕೆ ತೆಗೆದರು?’ ಇದನ್ನು ಹೇಳಿದವರಲ್ಲಿ 2010ರಲ್ಲಿ ನನ್ನ ಜೊತೆ ಕೂತಿದ್ದವರೂ ಇದ್ದರು. ನಾನೂ ಒಂದು ಸಲ ಅವನ ಎದುರೇ, ‘ನೀನು ಸ್ವಲ್ಪ ಜಾಸ್ತಿ ಕಲಿತಿದ್ದರೆ ಉಳಿಸಿಕೊಳ್ಳುತ್ತಿದ್ದರೇನೋ’ ಅಂದುಬಿಟ್ಟೆ. ಅವನು ಏನೂ ಹೇಳದೆ ತಟ್ಟೆ ಎತ್ತಿಕೊಂಡು ಎದ್ದು ಹೋದ.

ಒಬ್ಬನೇ ಬಿದ್ದರೆ ಜಾಸ್ತಿ ನೋವು ಅನ್ನುವುದು ನನ್ನ ಊಹೆ ಮಾತ್ರ ಅಲ್ಲ. ಆಂಡ್ರ್ಯೂ ಕ್ಲಾರ್ಕ್ ಅನ್ನುವ ಅರ್ಥಶಾಸ್ತ್ರಜ್ಞರು ಬ್ರಿಟನ್ನಿನ ಸಾವಿರಾರು ಮನೆಗಳ ಮಾಹಿತಿ ಇಟ್ಟುಕೊಂಡು 2003ರಲ್ಲಿ ಇದನ್ನೇ ತೋರಿಸಿದರು. ಸುತ್ತ ಕೆಲಸ ಇಲ್ಲದವರು ಹೆಚ್ಚಿದ್ದ ಕಡೆ ಕೆಲಸ ಕಳೆದುಕೊಂಡವರ ಸಂಕಟ ಅಷ್ಟು ತೀವ್ರವಾಗಿರಲಿಲ್ಲ. ಎಲ್ಲರೂ ದುಡಿಯುವ ಊರಿನಲ್ಲಿ ಒಬ್ಬನೇ ಉಳಿದಾಗ ಸಂಕಟ ಹೆಚ್ಚು. ಅಂದರೆ ಸಂಬಳ ನಿಂತ ನೋವು ಒಂದು, ಊರಿನ ಕಣ್ಣಿನ ನೋವು ಇನ್ನೊಂದು. ಮೊದಲನೆಯದನ್ನು ನಾವು ನೀವು ಪೂರ್ತಿ ಸರಿ ಮಾಡಲು ಆಗುವುದಿಲ್ಲ. ಎರಡನೆಯದು ನಮ್ಮ ಕೈಯಲ್ಲೇ ಇದೆ.

ತಪ್ಪು ಹುಡುಕುವ ಮೊದಲು

ಯಾರಿಗಾದರೂ ಕೆಲಸ ಹೋಯಿತು ಅಂತ ಕೇಳಿದ ಕೂಡಲೇ ನಮ್ಮ ಮನಸ್ಸು ಅವನಲ್ಲಿ ಒಂದು ಕುಂದು ಹುಡುಕುತ್ತದೆ. ಕೆಟ್ಟ ಬುದ್ಧಿಯಿಂದ ಅಲ್ಲ, ಹೆದರಿಕೆಯಿಂದ. ಅವನ ತಪ್ಪಿನಿಂದ ಹೋಯಿತು ಅಂದುಕೊಂಡರೆ ತಪ್ಪು ಮಾಡದ ನನಗೆ ಹಾಗಾಗುವುದಿಲ್ಲ ಅನ್ನುವ ಸಮಾಧಾನ ಸಿಗುತ್ತದೆ. ಮೆಲ್ವಿನ್ ಲರ್ನರ್ ಅನ್ನುವ ಮನಃಶಾಸ್ತ್ರಜ್ಞರು 1960ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಒಬ್ಬಳು ಹುಡುಗಿಗೆ ವಿದ್ಯುತ್ ಆಘಾತ ಕೊಡುತ್ತಿರುವಂತೆ ನಟನೆ ಮಾಡಿಸಿ ಜನರಿಗೆ ತೋರಿಸಿದರು. ಅದನ್ನು ನಿಲ್ಲಿಸಲು ಆಗದೆ ಸುಮ್ಮನೆ ನೋಡಬೇಕಾಗಿ ಬಂದವರು ಕೊನೆಗೆ ಆ ಹುಡುಗಿಯನ್ನೇ ಕೀಳಾಗಿ ಕಾಣಲು ಶುರು ಮಾಡಿದರು. ಏನೂ ಮಾಡಲಾಗದೆ ನೋಡುತ್ತಾ ನಿಂತಾಗ ನಮಗೂ ಹೀಗೇ ಆಗುತ್ತದೆ. ಹಾಗಾಗಿ ಚಿಕ್ಕದಾದರೂ ಏನಾದರೂ ಒಂದು ಸಹಾಯ ಮಾಡಿ. ಅದು ಅವನಿಗೂ ಒಳ್ಳೆಯದು, ನಿಮ್ಮ ಮನಸ್ಸಿಗೂ ಒಳ್ಳೆಯದು.

ಇನ್ನೊಂದು ಲೆಕ್ಕ ನೆನಪಿಟ್ಟುಕೊಳ್ಳಿ. 2008ರ ಶುರುವಿನಲ್ಲಿ ಅಮೆರಿಕದಲ್ಲಿ ಕೆಲಸ ಇಲ್ಲದವರು 100ಕ್ಕೆ 5 ಜನ. ಆ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಅನ್ನುವ ಅಲ್ಲಿನ ದೊಡ್ಡ ಬ್ಯಾಂಕು ಮುಳುಗಿತು, 2009ರ ಅಕ್ಟೋಬರ್ ಹೊತ್ತಿಗೆ 100ಕ್ಕೆ 10 ಜನ ಆದರು. ಎರಡು ವರ್ಷ ತುಂಬುವುದರೊಳಗೆ ಒಂದು ದೇಶದ ಸೋಮಾರಿಗಳು ಎರಡರಷ್ಟಾದರು ಅಂತ ಯಾರಾದರೂ ನಂಬುತ್ತಾರಾ? ಬದಲಾದದ್ದು ಜನರಲ್ಲ. ಅಡಿಕೆ ದರ ಬಿದ್ದಾಗ ಶಿರಸಿಯ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಅದೇ ತೋಟ, ಅದೇ ಮದ್ದು ಹೊಡೆಯುವುದು, ಅದೇ ದುಡಿಮೆ. ದರ ಮಾತ್ರ ಬೇರೆ.

ಮೊದಲ ವಾರ ಏನು ಮಾತಾಡಬೇಕು

‘ಯಾವಾಗ ಹೋಗೂದು’ ಬೇಡ. ‘ಮುಂದೇನು’ ಕೂಡ ಬೇಡ. ‘ಆಗಿದ್ದೆಲ್ಲ ಒಳ್ಳೆಯದಕ್ಕೇ’ ಅನ್ನಲೇಬೇಡಿ, ಮನೆ ಸಾಲದ ಕಂತು ಇರುವವನ ಹತ್ತಿರ ಆ ಮಾತು ಆಡಬಾರದು. ‘ಅವರ ಮಗನಿಗೆ ಒಂದೇ ತಿಂಗಳಲ್ಲಿ ಬೇರೆ ಕಡೆ ಸಿಕ್ಕಿತಂತೆ’ ಅನ್ನುವುದೂ ಬೇಡ.

ಇಷ್ಟು ಸಾಕು: ‘ಸುದ್ದಿ ಗೊತ್ತಾಯ್ತು. ಬೇಜಾರಾಯ್ತು. ನಾಳೆ ಬೆಳಿಗ್ಗೆ ಆರಕ್ಕೆ ಬಂದರಿಗೆ ಹೋಗ್ತೆ, ಬರ್ತ್ಯಾ?’ ಸುದ್ದಿ ನಿಮಗೆ ಗೊತ್ತು ಅನ್ನುವುದನ್ನು ನೀವೇ ಮೊದಲು ಹೇಳಿದರೆ ಮುಚ್ಚಿಡುವ ಕಷ್ಟ ಅವನಿಗೆ ತಪ್ಪುತ್ತದೆ. ಆಮೇಲೆ ಕರೆದದ್ದು ಮೀನು ತರಲಿಕ್ಕೆ. ಬರುವುದೂ ಬಿಡುವುದೂ ಅವನಿಗೆ ಸುಲಭ. ಬಂದರೆ ದಾರಿಯಲ್ಲಿ ಅವನೇ ಮಾತಾಡುತ್ತಾನೆ. ಮಾತಾಡದಿದ್ದರೆ ಬಂಗಡೆ ತೆಗೆದುಕೊಂಡು ಬನ್ನಿ. ಮಾತು ತೆಗೆದಾಗ ಪರಿಹಾರ ಹೇಳುವ ಆತುರ ಬೇಡ. ನಾನು ಅಕ್ಕನ ಮಗನಿಗೆ ಮೊದಲ ದಿನವೇ ಮೂರು ದಾರಿ ಹೇಳಿದ್ದೆ, ಮೂರೂ ಅವನು ಆಗಲೇ ಮಾಡಿ ನೋಡಿದ್ದವು.

ನಾಲ್ಕು ಜನರ ಎದುರು ಬೇರೆ ಯಾರಾದರೂ ಆ ಪ್ರಶ್ನೆ ಕೇಳಿದರೆ ಅವನ ಪರವಾಗಿ ನೀವು ಉತ್ತರ ಕೊಡಿ: ‘ಇರ್ತಾನೆ ಈಗ ಸ್ವಲ್ಪ ದಿನ.’ ಸಾಮಾನ್ಯ ದನಿಯಲ್ಲಿ ಹೇಳಿ. ಮಾತು ಅಲ್ಲೇ ಮುಗಿಯುತ್ತದೆ.

ನಮ್ಮ ಕರಾವಳಿಗೆ ಇದು ಹೊಸದಲ್ಲ

ನನಗೆ ಇದನ್ನು ಕಲಿಸಿದ್ದು ಬಂದರು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಕೆರಳಿರುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಸಾವಿರಾರು ಜನ ದಂಡೆಯಲ್ಲಿ ಕೂರುತ್ತಾರೆ. ಅವರನ್ನು ಯಾರಾದರೂ ನಿರುದ್ಯೋಗಿ ಅನ್ನುತ್ತಾರಾ? ಬಲೆ ಹೆಣೆಯುತ್ತಾ ಕೂತವನಿಗೆ ‘ಏನೂ ಮಾಡ್ತಿಲ್ವಾ?’ ಅಂತ ಕೇಳುತ್ತಾರಾ? ಇಲ್ಲ. ಯಾಕೆಂದರೆ ಆ ಖಾಲಿ ಕಾಲಕ್ಕೆ ಊರು ಮೊದಲೇ ಒಂದು ಜಾಗ ಮಾಡಿಟ್ಟಿದೆ. ಮೇ ತಿಂಗಳಲ್ಲೇ ಒಣಮೀನು, ಉಪ್ಪಿನಕಾಯಿ, ಕಟ್ಟಿಗೆ ಕೂಡಿಡುತ್ತಾರೆ. ಅಂಗಡಿಯವನು ಉದ್ರಿ ಬರೆದುಕೊಳ್ಳುತ್ತಾನೆ. ದೋಣಿ ರಿಪೇರಿ, ಬಣ್ಣ, ಬಲೆ ಅಂತ ಕೈಗೆ ಕೆಲಸ ಇರುತ್ತದೆ. ಮೀನುಗಾರ ತನ್ನ ಪಾಲು ₹1,500 ಕೂಡಿಟ್ಟರೆ ಸರ್ಕಾರ ₹3,000 ಸೇರಿಸಿ ಒಟ್ಟು ₹4,500 ಕೊಡುವ ಉಳಿತಾಯ-ಪರಿಹಾರ ಯೋಜನೆಯೂ ಇದೆ. ಮೊತ್ತ ಚಿಕ್ಕದು, ಆದರೆ ಅದರ ಹಿಂದಿನ ಯೋಚನೆ ದೊಡ್ಡದು. ದುಡಿಯುವವನಿಗೆ ದುಡಿಮೆ ಇಲ್ಲದ ಕಾಲವೂ ಬರುತ್ತದೆ ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ.

ಕಂಪನಿಯಿಂದ ಬಂದವನಿಗೂ ಇದೇ ಮೂರು ಬೇಕು. ಉದ್ರಿ, ಕೈಗೆ ಕೆಲಸ, ಪ್ರಶ್ನೆ ಕೇಳದ ಜನ. ಅವನ ಮಳೆಗಾಲ ಯಾವಾಗ ಮುಗಿಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಲ್ಲ, ವ್ಯತ್ಯಾಸ ಅಷ್ಟೇ.

ಖಾಲಿ ದಿನ ತುಂಬುವುದು

ಕೆಲಸ ಇಲ್ಲದವನಿಗೆ ಸಮಯ ಬೇಕಾದಷ್ಟಿದೆ, ಏನಾದರೂ ಕಲಿಯಬಹುದಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆಸ್ಟ್ರಿಯಾದಲ್ಲಿ ವಿಯೆನ್ನಾ ಹತ್ತಿರ ಮರಿಯೆಂತಾಲ್ ಅಂತ ಒಂದು ಪುಟ್ಟ ಊರು. ಇಡೀ ಊರಿನ ಹೊಟ್ಟೆ ನಡೆಯುತ್ತಿದ್ದದ್ದು ಒಂದು ನೂಲಿನ ಗಿರಣಿಯಿಂದ. 1930ರ ಹೊತ್ತಿಗೆ ಜಗತ್ತಿನ ಆರ್ಥಿಕತೆಯೇ ನೆಲಕಚ್ಚಿದ ಮಹಾಕುಸಿತದಲ್ಲಿ ಅದು ಮುಚ್ಚಿತು. ಮರೀ ಯಾಹೋಡಾ ಅನ್ನುವ ಮನಃಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಗಮನಿಸಿದರು. ದಿನವಿಡೀ ಬಿಡುವಿದ್ದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಅರ್ಧದಷ್ಟು ಇಳಿದಿತ್ತು. ಗಂಡಸರು ಹೆಂಗಸರಿಗಿಂತ ನಿಧಾನ ನಡೆಯುತ್ತಿದ್ದರು, ರಸ್ತೆಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಬೆಳಗಿನಿಂದ ಏನು ಮಾಡಿದಿರಿ ಅಂತ ಕೇಳಿದರೆ ಹೇಳಲು ಅವರಿಗೆ ಏನೂ ಇರುತ್ತಿರಲಿಲ್ಲ. ಹೆಂಗಸರಿಗೆ ಮನೆಗೆಲಸ ಇತ್ತು, ಅವರ ದಿನಕ್ಕೆ ಒಂದು ಆಕಾರ ಉಳಿದಿತ್ತು.

ಇದನ್ನು ಓದಿದಾಗ ನನಗೆ 2010ರ ನನ್ನ ನಡಿಗೆ ನೆನಪಾಯಿತು. ಬಸ್ ಸ್ಟ್ಯಾಂಡಿನಿಂದ ಮನೆಗೆ ಹತ್ತು ನಿಮಿಷದ ದಾರಿಗೆ ನಾನು ಮುಕ್ಕಾಲು ಗಂಟೆ ಹಿಡಿಯುತ್ತಿದ್ದೆ.

ಹಾಗಾಗಿ ಅವನ ದಿನಕ್ಕೆ ಒಂದು ಗೂಟ ಹೊಡೆಯಿರಿ. ದಿನವೂ ಒಂದೇ ಹೊತ್ತಿಗೆ, ಬೇರೆಯವರು ಕಾಯುವಂಥ ಒಂದು ಕೆಲಸ. ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುವುದು, ಡೇರಿಗೆ ಹಾಲು ಕೊಡುವುದು, ಸೊಸೈಟಿಯಲ್ಲಿ ಬೆಳಿಗ್ಗೆ ಎರಡು ಗಂಟೆ ಕಂಪ್ಯೂಟರ್ ಕೆಲಸ. ನನ್ನ ಸ್ನೇಹಿತನ ಮನೆ ಶಿರಸಿ ಹತ್ತಿರ. ಅಡಿಕೆ ಸುಲಿಯುವ ಕಾಲದಲ್ಲಿ ಅವನು ನನ್ನನ್ನು ಕರೆಸಿಕೊಂಡಿದ್ದ. ರಾತ್ರಿ ಎಲ್ಲರೂ ಸುತ್ತ ಕೂತು ಸುಲಿಯುತ್ತಾರೆ. ಯಕ್ಷಗಾನದ ಸುದ್ದಿ, ಊರ ಸುದ್ದಿ. ನನಗೆ ಕೈ ಸಾಗುತ್ತಿರಲಿಲ್ಲ. ಆದರೂ ಕೊನೆಯ ದಿನ ಉಳಿದವರಿಗೆ ಕೊಟ್ಟ ಲೆಕ್ಕದಲ್ಲೇ ಸುಲಿದಷ್ಟಕ್ಕೆ ನನಗೂ ಕೂಲಿ ಕೊಟ್ಟ. ಒಂದು ರೂಪಾಯಿ ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ಒಳ್ಳೆಯ ನಿದ್ದೆ ಬಂತು.

ಇಲ್ಲೊಂದು ಎಚ್ಚರ. ಹೇಗೂ ಖಾಲಿ ಇದ್ದಾನೆ ಅಂತ ಗ್ಯಾಸ್ ಸಿಲಿಂಡರ್ ತರಲು, ಮದುವೆ ಕಾಗದ ಹಂಚಲು, ಕರೆಂಟ್ ಬಿಲ್ ಕಟ್ಟಲು ಓಡಿಸಬೇಡಿ. ಅದರಿಂದ ದಿನ ತುಂಬುವುದಿಲ್ಲ, ಅವನ ಬೆಲೆ ಇಳಿಯುತ್ತದೆ. ಕೆಲಸ ಮಾಡಿಸಿಕೊಂಡರೆ ದುಡ್ಡು ಕೊಡಿ.

ದುಡ್ಡು

ಕೊಡುವ ಹಾಗಿದ್ದರೆ ಕೇಳುವ ಮೊದಲೇ ಕೊಡಿ. ಇಬ್ಬರೇ ಇರುವಾಗ ಕೊಡಿ. ‘ಎಷ್ಟು ಬೇಕೋ ಕೇಳು’ ಅನ್ನಬೇಡಿ, ಯಾರೂ ಕೇಳುವುದಿಲ್ಲ. ‘ಹತ್ತು ಸಾವಿರ ಇದೆ, ಕೈಗಡ ಅಂತ ಇಟ್ಟುಕೋ, ಕೆಲಸ ಸಿಕ್ಕಿ ಆರು ತಿಂಗಳಾದ ಮೇಲೆ ಕೊಡು’ ಅಂತ ಮೊತ್ತ, ಅವಧಿ ಎರಡನ್ನೂ ಹೇಳಿ. ಅವನು ಚೀಟಿ ಬರೆದುಕೊಡುತ್ತೇನೆ ಅಂದರೆ ಬೇಡ ಅನ್ನಬೇಡಿ, ಬರೆಸಿಕೊಳ್ಳಿ. ಅಂಗಡಿ ಇಟ್ಟವರು ಉದ್ರಿ ಪುಸ್ತಕವನ್ನು ಬೇರೆ ಗಿರಾಕಿ ಎದುರು ತೆರೆದು ಓದಬೇಡಿ. ಶಾಲೆ ವ್ಯಾನಿನವರು ತಡವಾದ ಬಾಡಿಗೆಯನ್ನು ಮಗುವಿನ ಬಾಯಲ್ಲಿ ಹೇಳಿ ಕಳಿಸಬೇಡಿ, ಫೋನ್ ಮಾಡಿ.

ಮತ್ತೆ ಒಂದು ಮಾತು, ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಕಷ್ಟದಲ್ಲಿದ್ದವರ ಸೊತ್ತನ್ನು ಅಗ್ಗಕ್ಕೆ ಹೊಡೆಯಬೇಡಿ. 2010-11ರಲ್ಲಿ ಕಂತು ಕಟ್ಟಲಾಗದೆ ಮಾರಿದ ಲಾರಿಗಳನ್ನು, ಅದರ ಬೆನ್ನಿಗೆ ಮಾರಿದ ಬಂಗಾರವನ್ನು, ಗದ್ದೆಯನ್ನು ಕೊಂಡು ‘ಒಳ್ಳೆ ವ್ಯಾಪಾರ ಆಯ್ತು’ ಅಂದವರನ್ನು ನೋಡಿದ್ದೇನೆ. ಇದೇ ಜಿಲ್ಲೆಯಲ್ಲಿ 1932ರ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರದ ರೈತರ ಜಮೀನು ಜಪ್ತಿಯಾಯಿತು. ಅದೂ ಮಹಾಕುಸಿತದ ಕಾಲ, ಬೆಳೆಗೆ ದರ ಇಲ್ಲ. ಜಪ್ತಿಯಾದ ಸೊತ್ತನ್ನು ಹರಾಜಿನಲ್ಲಿ ಕೊಂಡವರ ಮನೆ ಎದುರು ಸಿದ್ದಾಪುರ ಕಡೆಯ ಹೆಂಗಸರು ಉಪವಾಸ ಕೂತರು. ಅಲ್ಲಿನ ಮಾವಿನಗುಂಡಿ ಊರಿನ ಹೆಸರು ಇಂದಿಗೂ ಆ ಕಾರಣಕ್ಕೆ ನೆನಪಿದೆ. ಪಕ್ಕದ ಮನೆಯವರ ಸೊತ್ತು ಕೊಳ್ಳಲೇಬೇಕು ಅಂತಾದರೆ ನಿಜವಾದ ಬೆಲೆ ಕೊಡಿ, ಇಲ್ಲವೇ ಅಡವಿಟ್ಟುಕೊಂಡು ಬಿಡಿಸಿಕೊಳ್ಳಲು ಕಾಲ ಕೊಡಿ.

ಹಕ್ಕಿನ ದುಡ್ಡನ್ನು ಕೇಳಲು ನಾಚಿಕೆ ಪಡುವವರಿಗೆ ಜೊತೆ ಹೋಗಿ. ಕೆಲಸ ಹೋದವರು ಪಿಎಫ್‌ನ ಮುಕ್ಕಾಲು ಭಾಗ ತೆಗೆಯಬಹುದು. ಆದರೆ ಹತ್ತು ವರ್ಷದ ಸೇವೆ ತುಂಬಿದರೆ ಪಿಂಚಣಿ ಬರುತ್ತದೆ, ಹಾಗಾಗಿ ಪಿಂಚಣಿ ಭಾಗವನ್ನು ಅವಸರದಲ್ಲಿ ಮುಟ್ಟಬೇಡಿ. ಇಎಸ್‌ಐ (ಕಾರ್ಮಿಕರ ವಿಮೆ) ಇದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಅರ್ಧ, 90 ದಿನದವರೆಗೆ ಸಿಗುವ ಅವಕಾಶ ಇದೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಅರ್ಜಿ ಹಾಕುವ ಮೊದಲು ಇಎಸ್‌ಐ ಕಚೇರಿಯಲ್ಲಿ ಕೇಳಿ. 2022-23ರಿಂದ ಈಚೆಗೆ ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಎರಡು ವರ್ಷದ ಮಿತಿ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಇದನ್ನು ಪುಕ್ಕಟೆ ದುಡ್ಡು ಅಂತ ಹಂಗಿಸುವವರಿಗೆ 2020-21ನ್ನು ನೆನಪಿಸಿ. ಆ ವರ್ಷ ದೇಶದಲ್ಲಿ ಸುಮಾರು 7.5 ಕೋಟಿ ಕುಟುಂಬಗಳು ಉದ್ಯೋಗ ಖಾತ್ರಿಯಲ್ಲಿ ದುಡಿದವು. ನಮ್ಮ ಕಡೆಯೂ ಓದಿದ ಹುಡುಗರು ಗುದ್ದಲಿ ಹಿಡಿದು ಕೆರೆ ಹೂಳು ತೆಗೆದರು. ಆಗ ಯಾರೂ ಹಂಗಿಸಲಿಲ್ಲ.

ಕೆಲಸ ಹುಡುಕಿಕೊಡುವುದಾದರೆ

‘ಎಲ್ಲಾದರೂ ಇದ್ದರೆ ಹೇಳ್ತೆ’ ಅನ್ನುವ ಮಾತು ಯಾರಿಗೂ ಕೆಲಸ ಕೊಡಿಸಿಲ್ಲ. ಅವನಿಗೆ ಏನು ಬರುತ್ತದೆ ಅಂತ ಸರಿಯಾಗಿ ಕೇಳಿ ತಿಳಿದುಕೊಳ್ಳಿ. ಆಮೇಲೆ ಹತ್ತಿರದವರನ್ನು ಬಿಟ್ಟು ದೂರದವರಿಗೆ ಹೇಳಿ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1970ರ ದಶಕದಲ್ಲಿ ಅಮೆರಿಕದಲ್ಲಿ ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿದರು. ಆಗಾಗ ಭೇಟಿಯಾಗುವ ಆಪ್ತರಿಂದ ಸುದ್ದಿ ಸಿಕ್ಕಿದ್ದು ಆರರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಸಿಗುವ ಪರಿಚಯದವರಿಂದ. ಯಾಕೆಂದರೆ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ನನ್ನ ಅಕ್ಕನ ಮಗನಿಗೆ ಕೆಲಸದ ಸುದ್ದಿ ಬಂದದ್ದು ನನ್ನ ಹಳೇ ಲಾರಿ ಮಾಲೀಕರೊಬ್ಬರ ಅಳಿಯನಿಂದ, ಹುಬ್ಬಳ್ಳಿಯಲ್ಲಿ. ನಾನು ಅವರನ್ನು ಹತ್ತು ವರ್ಷದಿಂದ ಮಾತಾಡಿಸಿರಲಿಲ್ಲ.

ಮನೆಯೊಳಗೆ

ಕಾರವಾರದಿಂದ ಗೋವಾದ ಫ್ಯಾಕ್ಟರಿಗಳಿಗೆ ಹೋಗುವ ಹೆಣ್ಣುಮಕ್ಕಳು ಎಷ್ಟು ಜನ! ಅವರ ಕೆಲಸ ಹೋದರೆ ಮನೆಯವರು ‘ಒಳ್ಳೆಯದೇ ಆಯ್ತು, ಮನೆ ನೋಡಿಕೊಂಡು ಇರು’ ಅನ್ನುತ್ತಾರೆ. ಅವಳ ಸಂಬಳದಲ್ಲೇ ತಮ್ಮನ ಕಾಲೇಜು ನಡೆಯುತ್ತಿತ್ತು ಅನ್ನುವುದು ಮರೆತುಹೋಗುತ್ತದೆ. ಗಂಡಸಿನ ಕೆಲಸ ಹೋದಾಗ ಕೇಳುವಷ್ಟನ್ನೇ ಅವಳಿಗೂ ಕೇಳಿ: ಬಾಕಿ ಸಂಬಳ ಬಂತಾ, ಪಿಎಫ್ ಇದೆಯಾ, ಯಾವ ಕೆಲಸ ಹುಡುಕೋಣ?

ಸಾಲದ ಸಂಘದ ವಾರದ ಕಂತು ಹೆಚ್ಚಾಗಿ ಹೆಂಡತಿ ಹೆಸರಲ್ಲಿರುತ್ತದೆ. ಕಟ್ಟಲಾಗದಿದ್ದಾಗ ಬಾಗಿಲಿಗೆ ಬಂದು ಗಲಾಟೆ ಮಾಡುವುದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅಂಥದ್ದು ಕಂಡರೆ ಬಾಗಿಲು ಹಾಕಿಕೊಳ್ಳಬೇಡಿ, ಅವರ ಜಗಲಿಗೆ ಹೋಗಿ ನಿಲ್ಲಿ, ಪೊಲೀಸರಿಗೆ ದೂರು ಕೊಡಲು ಜೊತೆ ಹೋಗಿ.

ಊಟ ಬಿಡುವುದು, ರಾತ್ರಿಯಿಡೀ ಎಚ್ಚರ ಇರುವುದು, ‘ನಾನಿಲ್ಲದಿದ್ದರೆ ನಿಮಗೆಲ್ಲ ಸುಲಭ’ ಅನ್ನುವಂಥ ಮಾತು, ಇದ್ದಕ್ಕಿದ್ದಂತೆ ಕಾಗದಪತ್ರ ಒಪ್ಪ ಮಾಡಿಡುವುದು, ಇವನ್ನು ಕಂಡರೆ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ಸುಳ್ಳು. ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಕೆಲಸ ಸಿಕ್ಕ ಮೇಲೆ

ಸಂಬಳ ಎಷ್ಟು ಅಂತ ಕೇಳಬೇಡಿ. ಮೊದಲಿಗಿಂತ ಕಡಿಮೆಯೇ ಇರುತ್ತದೆ ಹೆಚ್ಚಾಗಿ. ‘ಅಂತೂ ಸಿಕ್ಕಿತಲ್ಲ’ ಅನ್ನುವುದೂ ಬೇಡ. ‘ಯಾವಾಗ ಹೋಗೂದು?’ ಈಗ ಕೇಳಬಹುದು.

ಆರು ತಿಂಗಳೋ ವರ್ಷವೋ ಕಳೆದು ಅವನು ಕೈಗಡದ ದುಡ್ಡು ಹಿಡಿದು ಬರುತ್ತಾನೆ. ಆಗ ‘ಇರಲಿ ಬಿಡು, ನಮ್ಮೊಳಗೆಂತ ಲೆಕ್ಕ’ ಅನ್ನಬೇಡಿ. ಚಾ ಕೊಡಿ. ದುಡ್ಡು ಎಣಿಸಿಕೊಳ್ಳಿ, ಅವನೆದುರೇ. ಚೀಟಿ ತೆಗೆದು ಅವನ ಕೈಗೆ ಕೊಡಿ, ಅವನೇ ಹರಿಯಲಿ.